ಅಗಲವಿಲ್ಲದ ಗೆರೆ ಮತ್ತು ಮಾವನವರ ಸ್ಟೂಲು

ನಲವತ್ತು ದಾಟಿದ ಗಂಡಸಿಗೆ ತನಗೆ ಬಾರದ ಕೆಲಸವೆಲ್ಲ ಬಹಳ ಸುಲಭವಾಗಿ ಕಾಣತೊಡಗುತ್ತದೆ. ಇದನ್ನು ಕೆಲವರು ಅನುಭವ ಎನ್ನುತ್ತಾರೆ. ನನ್ನ ಹೆಂಡತಿ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಕೊಪ್ಪದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ರೇಖಾಗಣಿತ ಕಲಿಸಿದ ನಾನು ಮರಗೆಲಸಕ್ಕೆ ಕೈಹಾಕಿದ್ದು ಕೇಬಲ್ ಟೀವಿಯ ಕೃಪೆಯಿಂದ. ಅದರಲ್ಲಿ ಯಾರೋ ಬಿಳಿಯ ಮಹಾಶಯ ಒಂದೂ ಮೊಳೆಯಿಲ್ಲದೆ ಅರ್ಧ ಗಂಟೆಯಲ್ಲಿ ಸ್ಟೂಲು ಮಾಡಿ, ಅದರ ಮೇಲೆಯೇ ಕೂತು ಕಾಫಿ ಕುಡಿದ. ಆ ಹೊತ್ತಿಗೆ ಸೀತೂರಿನ ನನ್ನ ಮಾವನವರು ನಮ್ಮಲ್ಲಿಗೆ ಊಟಕ್ಕೆ ಬರುವುದನ್ನೇ ಬಿಟ್ಟಿದ್ದರು. ಮಂಡಿನೋವಿನಿಂದ ನೆಲದ ಮೇಲೆ ಕೂರಲಾಗುತ್ತಿರಲಿಲ್ಲ. ಪಂಕ್ತಿಯವರೆಲ್ಲ ನೆಲದಲ್ಲಿರುವಾಗ ತಾವೊಬ್ಬರೇ ಕುರ್ಚಿ ಏರಿ ಉಣ್ಣಲು ಮನಸ್ಸಿರಲಿಲ್ಲ. ಅಪ್ಪ ಬಾರದ್ದಕ್ಕೆ ಹೆಂಡತಿ ಹಬ್ಬದ ದಿನವೂ ಮಂಕಾಗಿರುತ್ತಿದ್ದಳು. ಗಿಡ್ಡ ಸ್ಟೂಲೊಂದನ್ನು ಕೈಯಾರೆ ಮಾಡಿಡುತ್ತೇನೆ, ಯುಗಾದಿಗೆ ಬನ್ನಿ ಎಂದು ಫೋನಿನಲ್ಲಿ ಘೋಷಿಸಿಬಿಟ್ಟೆ.

ಪಕ್ಕದ ಬೀದಿಯ ಬಡಗಿ ವಾಸು ಆಚಾರ್ರು ಹಲಸಿನ ತುಂಡು ಕೊಟ್ಟು, ಕಾಲುಗಳಲ್ಲಿ ಎಂಟು ಚೌಕ ತೂತು, ಅಡ್ಡಪಟ್ಟಿಗಳ ತುದಿಯಲ್ಲಿ ಅವುಗಳೊಳಗೆ ಕೂರುವ ಎಂಟು ನಾಲಿಗೆ, ಇಷ್ಟೇ ಕೆಲಸ ಎಂದರು. "ಗೆರೆ ಉಳ್ಸಿ ಕೊಯ್ರಿ ಮೇಷ್ಟ್ರೇ, ಗೆರೆ ತಿನ್ಬೇಡಿ" ಎಂದೂ ಎಚ್ಚರಿಸಿದರು. ನನಗೆ ಅವರ ಮೇಲೆ ಮರುಕ ಹುಟ್ಟಿತು. ಗೆರೆಗೆ ಉದ್ದವುಂಟು, ಅಗಲವಿಲ್ಲ ಎಂದು ಪ್ರತಿ ಜೂನ್ ತಿಂಗಳಲ್ಲೂ ಕರಿಹಲಗೆಯ ಮೇಲೆ ಬರೆಯುವವನು ನಾನು. ಇಲ್ಲದ ಅಗಲವನ್ನು ಉಳಿಸುವುದು ಎಲ್ಲಿಂದ? ಗರಗಸ ಗೆರೆಯ ಮೇಲೆಯೇ ಓಡಿ ನಾಲಿಗೆಯನ್ನು ಸಣಕಲು ಮಾಡಿತು. ಉಳಿ ಗೆರೆಯ ಮೇಲೆಯೇ ಕೂತು ತೂತನ್ನು ಹಿಗ್ಗಿಸಿತು. ಜೋಡಿಸಿದ ಸ್ಟೂಲನ್ನು ಆಚಾರ್ರು ಒಂದೇ ಬೆರಳಿನಿಂದ ಆಡಿಸಿ, "ತೊಟ್ಟಿಲು ಚೆನ್ನಾಗಿದೆ ಮಾರಾಯ್ರೆ. ಸಂದಿಗೆ ಚೆಕ್ಕೆ ಹೊಡೀರಿ, ನಿಲ್ತದೆ" ಎಂದರು. ಚೆಕ್ಕೆ ಹೊಡೆಯುವುದು ಕೆಲಸ ಬಾರದವರ ದಾರಿ ಎಂದು ನಾನು ಒಪ್ಪಲಿಲ್ಲ.

ಬದಲಿಗೆ ವಿಜ್ಞಾನಕ್ಕೆ ಶರಣಾದೆ. ಹಬ್ಬಕ್ಕೆ ಎರಡು ದಿನ ಮೊದಲೇ ಸ್ಟೂಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟೆ. ಮರ ಉಬ್ಬಿ, ಎಂಟೂ ನಾಲಿಗೆಗಳು ಕಚ್ಚಿಕೊಂಡು, ಆನೆ ಕೂತರೂ ಅಲುಗದಂತಾಯಿತು. ಟವೆಲಿನಿಂದ ಒರೆಸಿ ಪಂಕ್ತಿಯಲ್ಲಿಟ್ಟೆ. ಮಾವನವರು ಕೂತರು. ಇದು ಮುರಿದರೆ ಮಂಡಿಯ ಜೊತೆಗೆ ಅವರ ಸೊಂಟವೂ ಹೋಗುತ್ತದಲ್ಲ ಎಂದು ಆಗ ಹೊಳೆದು, ನನಗೆ ನಿಜಕ್ಕೂ ಹೆದರಿಕೆಯಾಯಿತು. ಎಲೆಯ ಹೋಳಿಗೆ ಬಿಟ್ಟು ಸ್ಟೂಲಿನ ಕಾಲುಗಳನ್ನೇ ಕಾಯುತ್ತ ಕೂತೆ. ಅವರು ಮಾತ್ರ ಮೂರು ಹೋಳಿಗೆ ಉಂಡು ಎದ್ದರು. ಬಿಳಿ ಪಂಚೆಯ ಹಿಂಭಾಗದಲ್ಲಿ ಸ್ಟೂಲಿನ ನಕ್ಷೆ ಒದ್ದೆಯಾಗಿ ಮೂಡಿತ್ತು. ಹೆಂಡತಿ ನನ್ನನ್ನು ನೋಡಿದಳು, ನಾನು ತಲೆಯೆತ್ತಿ ಮನೆಯ ಮಾಡು ನೋಡಿದೆ. ಮಾವನವರು ಹೊರಡುವಾಗ, "ಅಳಿಯಂದ್ರೇ, ಇದನ್ನ ನಾನೇ ತಗೊಂಡು ಹೋಗ್ತೇನೆ" ಎಂದು ಸ್ಟೂಲನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಒಂದು ವಾರ ಸ್ಟಾಫ್ ರೂಮಿನಲ್ಲಿ ನನ್ನ ಬಾಯಿ ಮುಚ್ಚಲಿಲ್ಲ.

ಬೇಸಿಗೆ ರಜೆಯಲ್ಲಿ ಸೀತೂರಿಗೆ ಹೋದಾಗ ಜಗಲಿ, ನಡುಮನೆ ಎಲ್ಲ ಹುಡುಕಿದೆ. ಸ್ಟೂಲು ಕಡೆಗೆ ಸಿಕ್ಕಿದ್ದು ಬಚ್ಚಲಿನಲ್ಲಿ, ಹಂಡೆಯ ಪಕ್ಕ.

"ಅವತ್ತು ಪಂಚೆ ಒದ್ದೆ ಆದಾಗ್ಲೇ ಗೊತ್ತಾಯ್ತು" ಎಂದರು ಮಾವನವರು ಮೆಲ್ಲಗೆ. "ದಿನಾ ನೀರು ಹೊಯ್ತೇನೆ. ಒಣಗಿ ಬಿಚ್ಕೊಂಡ್ರೆ ನಿಮ್ಗೆ ಬೇಜಾರಾಗ್ತದೆ."

ಅಂದು ಸ್ನಾನಕ್ಕೆ ಹೋದವನು ಮೊದಲ ಎರಡು ಚೆಂಬು ಸ್ಟೂಲಿಗೆ ಹೊಯ್ದೆ. ಆಮೇಲೂ ಅದರ ಮೇಲೆ ಕೂರುವ ಧೈರ್ಯ ಬಾರದೆ, ನಿಂತುಕೊಂಡೇ ಮಿಂದು ಬಂದೆ.