ಮುತ್ತಾತನ ಒಂದೂವರೆ ರೊಟ್ಟಿ

ನಿಮ್ಮ ಮುತ್ತಾತನಿಗೆ ಸಾಯಲು ಪುರುಸೊತ್ತೇ ಇರಲಿಲ್ಲ! ನಗಬೇಡಿ ಮಕ್ಕಳೇ, ಇದು ಅವರೇ ಹೇಳುತ್ತಿದ್ದ ಮಾತು. ಬಳ್ಳಾರಿಯ ಗಾಂಧಿನಗರದ ನಮ್ಮ ಬೀದಿಯಲ್ಲಿ ಯಾರಾದರೂ "ಹೆಂಗದೀರಿ ಯಜಮಾನ್ರ?" ಎಂದರೆ ಸಾಕು, "ಇನ್ನ ಹದಿನೆಂಟು ವರ್ಷ ಸಾಯಾಕ ಪುರುಸೊತ್ತಿಲ್ಲಪ್ಪ, ಆಮ್ಯಾಲ ನೋಡೋಣು" ಎನ್ನುತ್ತಿದ್ದರು. ಪ್ರತಿ ಯುಗಾದಿಗೆ ಆ ಲೆಕ್ಕದಲ್ಲಿ ಒಂದು ವರ್ಷ ಕಡಿಮೆಯಾಗುತ್ತಿತ್ತು.

ಈ ಲೆಕ್ಕ ಎಲ್ಲಿಂದ ಬಂತು ಎನ್ನುತ್ತೀರಾ? ನಿಮ್ಮ ತಾತ, ಅಂದರೆ ನನ್ನ ಯಜಮಾನರು, ಜ್ವರದಲ್ಲಿ ತೀರಿಕೊಂಡಾಗ ನಿಮ್ಮ ಅಮ್ಮನಿಗೆ ಮೂರು ವರ್ಷ. ಅತ್ತೆ ಮೊದಲೇ ಹೋಗಿದ್ದರು. ಮನೆಯಲ್ಲಿ ಉಳಿದದ್ದು ನಾನು, ಕೂಸು, ಅರವತ್ತು ದಾಟಿದ ಮಾವ, ಅವರೇ ನಿಮ್ಮ ಮುತ್ತಾತ. ತಿಂಗಳುಗಟ್ಟಲೆ ಮಾತಿಲ್ಲದೆ ಕೂತಿದ್ದ ಮಾವ ಒಂದು ಬೆಳಿಗ್ಗೆ ಎದ್ದು ಬೆರಳು ಮಡಚಿ ಎಣಿಸಿದರು. ಕೂಸು ಓದಿ ತನ್ನ ಕಾಲ ಮೇಲೆ ನಿಲ್ಲಲು ಇಪ್ಪತ್ತು ವರ್ಷ ಬೇಕು. "ಅಲ್ಲೀತನ ನಾ ಇರಬೇಕು" ಎಂದರು. ಅಷ್ಟೇ!

ಅಲ್ಲಿಯವರೆಗೆ ಅವರ ಊಟವೆಂದರೆ ಐದು ರೊಟ್ಟಿ, ಅದರ ಮೇಲೆ ಅನ್ನ, ಅನ್ನದ ಮೇಲೆ ತುಪ್ಪ. ಅಂದಿನಿಂದ ಜೋಳದ ಒಂದೂವರೆ ರೊಟ್ಟಿ. ಜೊತೆಗೆ ಪುಂಡಿ ಪಲ್ಯವೋ ಮೆಂತ್ಯ ಸೊಪ್ಪೋ, ಒಂದಿಷ್ಟು ಹೆಸರುಕಾಳು, ಮಜ್ಜಿಗೆ. ಹಬ್ಬ ಬಂದರೆ ಅನ್ನದ ಬದಲು ಒಂದು ಹಿಡಿ ನವಣೆ. ಸಕ್ಕರೆ ಡಬ್ಬಿ ಅಟ್ಟ ಸೇರಿತು. ಉಳಿದ ಅರ್ಧ ರೊಟ್ಟಿ ಬೀದಿಯ ಆಕಳಿಗೆ. ವರ್ಷದೊಳಗೆ ಮಾವ ತೆಳ್ಳಗಾದರು, ಆಕಳು ದುಂಡಗಾಯಿತು!

ಹೆಚ್ಚು ಬದುಕುವುದು ಹೇಗೆಂದು ಎಲ್ಲರೂ ಡಾಕ್ಟರನ್ನು ಕೇಳುತ್ತಾರೆ. ಮಾವ ಕೇಳುತ್ತಿದ್ದದ್ದು ಮುದುಕರನ್ನು! "ಬದುಕಿ ತೋರಿಸಿದಾತನ್ನ ಬಿಟ್ಟು ಓದಿದಾತನ್ನ ಯಾಕ ಕೇಳಬೇಕು?" ಎಂಬ ವಾದ. ಕುರುಗೋಡಿನಲ್ಲಿ ತೊಂಬತ್ತೈದು ವರ್ಷದವರೊಬ್ಬರು ಇನ್ನೂ ಹೊಲಕ್ಕೆ ಹೋಗುತ್ತಾರೆಂದು ಸುದ್ದಿ ಬಂತು. ಮಾವ ಪೆನ್ಸಿಲ್ಲು, ಕಾಗದ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದರು.

"ಹಿರ್ಯಾರ, ದಿನಾ ಏನು ಉಣ್ತೀರಿ?"

"ಮುಂಜಾನಿ ನಾಕು ಮೆಣಸಿನಕಾಯಿ ಬಜ್ಜಿ. ಮಧ್ಯಾಹ್ನ ಸಿಕ್ಕಷ್ಟು. ನಡುನಡುವ ಬೀಡಿ."

"ಮತ್ತ ಸೊಪ್ಪು?"

"ಸೊಪ್ಪು ಎಮ್ಮಿಗೆ ಹಾಕ್ತೀವಿ."

ಮಾವ ಖಾಲಿ ಕಾಗದದೊಂದಿಗೆ ಮನೆಗೆ ಬಂದರು. ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಬಾಗಿಲ ಹಿಂದಿನಿಂದ, "ಅವರು ಏನಂದ್ರು ಮಾವಾರ?" ಎಂದು ಮೆಲ್ಲಗೆ ಕೇಳಿದೆ.

"ಆತಗ ತೊಂಬತ್ತೈದು ಆಗಿಲ್ಲ ಬಿಡವ್ವ. ವಯಸ್ಸು ಸುಳ್ಳು ಹೇಳ್ಯಾನ!"

ತುತ್ತಿಗೆ ಮೂವತ್ತೆರಡು ಸಲ ಅಗಿಯಬೇಕೆಂಬುದು ಮುಂದಿನ ಶೋಧ. ಎಣಿಸುವ ಕೆಲಸ ನಿಮ್ಮ ಅಮ್ಮನದು. ಪಾಪ, ಆಗ ಅವಳಿಗೆ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಇಪ್ಪತ್ತಾದ ಮೇಲೆ ಮತ್ತೆ ಹನ್ನೊಂದಕ್ಕೆ ಬಂದುಬಿಡುತ್ತಿದ್ದಳು. ಮೂವತ್ತೆರಡು ಬಂದರಲ್ಲವೇ ಮಾವ ನುಂಗುವುದು! "ತಾತಾ, ನಿನ್ನ ಬಾಯಾಗ ರೊಟ್ಟಿ ಐತೋ ಇಲ್ಲೋ?" ಎಂದು ಕೊನೆಗೆ ಅವಳೇ ಇಣುಕಿ ನೋಡುತ್ತಿದ್ದಳು.

ಇದೆಲ್ಲ ನಮ್ಮ ಮನೆಯೊಳಗೆ ನಡೆಯಿತು. ನನ್ನ ತವರಿನಲ್ಲಿ ನಡೆಯುತ್ತದೆಯೇ? ನನ್ನದು ಸಿರುಗುಪ್ಪದ ಕಡೆ, ಕೆಂಚನಗುಡ್ಡದ ಹತ್ತಿರದ ಹಳ್ಳಿ. ಕಾಲುವೆ ನೀರು ಬಂದು ಭತ್ತ ಬೆಳೆದ ಮೇಲೆ ಅಲ್ಲಿ ನವಣೆ ಉಣ್ಣುವುದೆಂದರೆ ಬಡತನ ಒಪ್ಪಿಕೊಂಡಂತೆ. ಬೀಗರಿಗೆ ಅನ್ನ ಸುರಿದಷ್ಟೂ ಮರ್ಯಾದೆ. ಬೇಡವೆಂದರೆ ಇನ್ನೆರಡು ಸೌಟು! ಅಂಥಲ್ಲಿಗೆ ನನ್ನ ತಮ್ಮನ ಮಗನ ತೊಟ್ಟಿಲ ಕಾರ್ಯಕ್ಕೆ ಮಾವ ಹೋದದ್ದು ಹೇಗೆ? ಚೀಲದಲ್ಲಿ ತಮ್ಮದೇ ಪುಟ್ಟ ಬಟ್ಟಲು ಇಟ್ಟುಕೊಂಡು! ಪಂಕ್ತಿಯಲ್ಲಿ ಗಂಗಾಳ ಪಕ್ಕಕ್ಕೆ ಸರಿಸಿ ಬಟ್ಟಲು ಇಟ್ಟರು ನೋಡಿ, ನನ್ನಪ್ಪನ ಮುಖ ಕೆಂಪಾಯಿತು.

"ಯಾಕ್ರೀ ಬೀಗರ, ನಮ್ಮ ಮನಿ ಗಂಗಾಳ ಮೈಲಿಗಿ ಆಗೇತೇನು?"

"ಗಂಗಾಳ ಚಲೋ ಐತ್ರಿ. ನನ್ನ ಹೊಟ್ಟಿ ಇಷ್ಟೇ ಐತಿ."

"ಬೀಗರು ಅರೆಹೊಟ್ಟಿಲೆ ಎದ್ದು ಹೋದ್ರು ಅಂತ ಊರು ನಗಂಗಿಲ್ಲೇನ್ರೀ!" ಎಂದು ಅಪ್ಪ ಸೌಟು ಎತ್ತಿಯೇಬಿಟ್ಟರು. ಮಾವ ಬಟ್ಟಲಿನ ಮೇಲೆ ಕೈ ಮುಚ್ಚಿದರು. ಬಿಸಿ ಅನ್ನ ಕೈಮೇಲೆ ಬಿತ್ತು. ಕೈ ಅಲ್ಲಾಡಲಿಲ್ಲ! ಪಂಕ್ತಿಗೆ ಪಂಕ್ತಿಯೇ ತುತ್ತು ಹಿಡಿದು ಕೂತಿತು.

"ನಿಮ್ಮ ಮೊಮ್ಮಗಳಿಗೆ ಅಪ್ಪ ಇಲ್ಲ ಬೀಗರ" ಎಂದರು ಮಾವ, ದನಿ ಏರಿಸದೆ. "ತಾತನಾದ್ರೂ ಇರ್ಲಿ ಅಂತ ಹೊಟ್ಟಿ ಕಟ್ಟೀನಿ. ಈಗ ಬಡಿಸೋದಿದ್ರ ಬಡಿಸ್ರಿ."

ಅಪ್ಪ ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದರು. ಆ ಸುಗ್ಗಿಯಿಂದ ನಮ್ಮ ಮನೆಗೆ ಬರುವ ಅಕ್ಕಿ ಮೂಟೆಯ ಜೊತೆ ಒಂದು ಸಣ್ಣ ಗಂಟು ನವಣೆಯೂ ಬರತೊಡಗಿತು. "ಬೀಗರ ಗುಬ್ಬಿ ಮೇವು" ಎಂದು ಅಪ್ಪ ತಮಾಷೆ ಮಾಡುತ್ತಿದ್ದರಂತೆ. ಆದರೆ ಅದನ್ನು ಯಾರ‍್ಯಾರದೋ ಹೊಲ ಸುತ್ತಿ ತರುತ್ತಿದ್ದವರು ಅವರೇ.

ಮಾವ ಗೆದ್ದರು ಮಕ್ಕಳೇ. ನಿಮ್ಮ ಅಮ್ಮ ಓದು ಮುಗಿಸಿ ಕುರುಗೋಡಿನ ಶಾಲೆಯಲ್ಲಿ ಟೀಚರ್ ಆದದ್ದನ್ನು ಕಣ್ಣಾರೆ ನೋಡಿಯೇ ಹೋದರು. ಆದರೆ ಅವರ ಲೆಕ್ಕ ನಡುವೆ ಒಮ್ಮೆ ತಪ್ಪಿತ್ತು. ಅದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಮನೆಯ ಹಿರಿಯರೇ ಒಂದೂವರೆ ಉಣ್ಣುವಾಗ ಸೊಸೆ ಎರಡು ಉಣ್ಣುವುದು ಹೇಗೆ? ನಾನು ಒಂದಕ್ಕೇ ನಿಲ್ಲಿಸಿದ್ದೆ. ಕೆಲವು ದಿನ ಅದೂ ಸೇರುತ್ತಿರಲಿಲ್ಲ. ಅದಕ್ಕೆ ಕಾರಣ ರೊಟ್ಟಿಯಲ್ಲ ಬಿಡಿ. ನಿಮ್ಮ ಅಮ್ಮ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನಲ್ಲಿಯ ಹತ್ತಿರ ಕೊಡ ಹಿಡಿದವಳು ಹಾಗೇ ಕುಸಿದೆ. ಪಕ್ಕದ ಮನೆಯಾಕೆ ನನ್ನನ್ನು ಒಳಗೆ ಕರೆತಂದು, "ಯಜಮಾನ್ರ, ನಿಮ್ಮ ಸೊಸಿ ಕಡ್ಡಿ ಆಗ್ಯಾಳ, ಕಣ್ಣಿಗೆ ಬಿದ್ದೈತಿಲ್ಲೋ?" ಎಂದಳು.

ಮಾವ ಅಡುಗೆಮನೆಯ ಹೊಸ್ತಿಲವರೆಗೆ ಬಂದರು. ಅದೇ ಮೊದಲು. ನಾನು ಸೆರಗು ಎಳೆದುಕೊಂಡು ಎದ್ದು ನಿಂತೆ.

"ಕುಂದ್ರವ್ವ. ನನ್ನದು ತಪ್ಪು ಲೆಕ್ಕ. ನಾ ನೂರು ವರ್ಷ ಇದ್ರೂ ಕೂಸಿಗೆ ಅವ್ವ ಆಗಾಕ ಬರತೈತೇನು? ಕಡಿಮಿ ಉಣ್ಣೋದು ಮುದುಕರ ಕೆಲಸ. ನೀ ಹೊಟ್ಟಿ ತುಂಬ ಉಣ್ಣು."

ಮಾವನ ಎದುರು ಉಣ್ಣುವುದೆಂದರೇನು! ನಾನು ತಲೆ ತಗ್ಗಿಸಿ ಕೂತೇ ಇದ್ದೆ. ಅವರಿಗೆ ತಿಳಿಯಿತು. ಹೊಸ್ತಿಲ ಆಚೆ ನನಗೆ ಬೆನ್ನು ಮಾಡಿ, ಬೀದಿ ನೋಡುತ್ತಾ ಕೂತುಬಿಟ್ಟರು. ನಾನು ರೊಟ್ಟಿ ಮುರಿದೆ. ಅಳುತ್ತಲೇ ಉಂಡೆ.

"ಎಷ್ಟಾತವ್ವ?"

"ಎರಡ್ರಿ."

"ಇನ್ನೊಂದು ಹಾಕ್ಕೋ. ಅವಸರ ಇಲ್ಲ, ನಾ ಇಲ್ಲೇ ಅದೀನಿ."