ಇಪ್ಪತ್ಮೂರನೆಯ ಸಹಿ

ವೆಂಕಟಾಚಲನ ಅಕ್ಷರ ದುಂಡಗಿದ್ದುದೇ ಅವನ ಕಷ್ಟಕ್ಕೆಲ್ಲ ಮೂಲ. ಕಚೇರಿಯಲ್ಲಿ ಆರು ಜನ ಗುಮಾಸ್ತರಿದ್ದರೂ ದೊಡ್ಡ ಸಾಹೇಬರಿಗೆ ಹೋಗುವ ಕಾಗದಗಳನ್ನೆಲ್ಲ ಅವನೇ ನಕಲು ಮಾಡಬೇಕಿತ್ತು. ಜಯನಗರದಲ್ಲಿ ಪುಟ್ಟ ಮನೆ ಕಟ್ಟಿಕೊಂಡು ಬಂದ ಮೇಲೆ ಈ ಗುಟ್ಟು ಬೀದಿಯವರಿಗೂ ತಿಳಿಯಿತು. ನಲ್ಲಿಯಲ್ಲಿ ನೀರು ಬರದಿದ್ದರೆ ದೂರು ಬರೆಯುವವನು ಅವನು, ಯಾರದೋ ಹಸು ಕಳೆದುಹೋದರೆ ಮರಕ್ಕೆ ಅಂಟಿಸುವ ಚೀಟಿ ಬರೆಯುವವನೂ ಅವನೇ. ಹೀಗಾಗಿ ೧೯೬೧ರ ಜೂನ್ ತಿಂಗಳಲ್ಲಿ ರಸ್ತೆಯ ಅರ್ಜಿ ಬರೆಯಬೇಕಾಗಿ ಬಂದಾಗ ಯಾರೂ ಅವನನ್ನು ಕೇಳಲಿಲ್ಲ. ಕಾಗದವನ್ನೂ ಮಸಿಕುಡಿಕೆಯನ್ನೂ ತಂದು ಅವನ ಜಗಲಿಯ ಮೇಲಿಟ್ಟು ಹೋದರು.

ಅದು ಹೆಸರಿಗೆ ಮಾತ್ರ ರಸ್ತೆ. ಬೇಸಿಗೆಯಲ್ಲಿ ಮೊಣಕಾಲುದ್ದದ ಧೂಳು. ಒಂದು ಮಳೆ ಬಿದ್ದರೆ ನೀರು ಹೆಚ್ಚಾದ ರಾಗಿಮುದ್ದೆ. ಬಡಾವಣೆ ಮಾಡಿದ ಬೋರ್ಡಿನವರು ಇದಕ್ಕೊಂದು ಉಪಾಯ ಹೇಳಿದ್ದರು. ಡಾಂಬರು ಹಾಕುವ ಖರ್ಚಿನಲ್ಲಿ ಅರ್ಧ ಅವರದು, ಉಳಿದರ್ಧ ಬೀದಿಯ ಮನೆ ಮಾಲೀಕರದು. ಯಾರ ಮನೆ ಮುಂದೆ ಎಷ್ಟು ಅಡಿ ರಸ್ತೆಯೋ ಅಷ್ಟಕ್ಕೆ, ಅಡಿಗೆ ನಾಲ್ಕು ರೂಪಾಯಿಯಂತೆ ಅವರು ಕಟ್ಟಬೇಕು. ಆದರೆ ಮಾಲೀಕರೆಲ್ಲರೂ ಒಪ್ಪಬೇಕು. ಒಬ್ಬರ ಸಹಿ ತಪ್ಪಿದರೂ ಅರ್ಜಿ ಕಸದ ಬುಟ್ಟಿಗೆ.

ವೆಂಕಟಾಚಲನ ಪಾಲಿಗೆ ಈ ಅರ್ಜಿ ಬರೀ ಊರಿನ ಉಪಕಾರವಾಗಿರಲಿಲ್ಲ. ಹಿಂದಿನ ವರ್ಷ ಶ್ರಾವಣದ ಮಳೆಯಲ್ಲಿ ಅವನ ಹೆಂಡತಿ ಚೂಡಾಮಣಿಗೆ ನೋವು ಶುರುವಾದಾಗ, ಜಟಕಾದವನು ಬೀದಿಯ ಬಾಯಲ್ಲೇ ನಿಂತುಬಿಟ್ಟಿದ್ದ. ಕುದುರೆ ಕಾಲು ಮುರಿದರೆ ತನ್ನ ಮಕ್ಕಳಿಗೆ ಅನ್ನ ಹಾಕುವವರಾರು ಎಂದ. ನಾಲ್ಕು ಜನ ಸೇರಿ ಚೂಡಾಮಣಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಅವರಲ್ಲೊಬ್ಬ ಜಾರಿದ. ಆಸ್ಪತ್ರೆ ಸೇರಿದ ಮೇಲೆ ಮಗು ಹುಟ್ಟಿತು, ಅಳಲಿಲ್ಲ. ಈಗ ಅವಳಿಗೆ ಮತ್ತೆ ಎಂಟು ತಿಂಗಳು.

ಇಪ್ಪತ್ಮೂರು ಮನೆಗಳಲ್ಲಿ ಇಪ್ಪತ್ತೆರಡು ಮನೆಯವರ ಸಹಿ ಬಿದ್ದಿತ್ತು. ಅರ್ಜಿ ಕೊಡಲು ಕಡೆಯ ದಿನ ಬೆಳಗ್ಗೆ ಏಳಕ್ಕೇ ರಾಮಯ್ಯನವರು ಬಂದು ಬಾಗಿಲು ತಟ್ಟಿದರು. ನಿವೃತ್ತ ಶಿರಸ್ತೇದಾರರಾದ ಅವರು ಮನೆಗೆ ಬಂದ ಹಾಲಿನವನ ಹತ್ತಿರವೂ ಕಡತ ನೋಡುವವರಂತೆ ಮಾತಾಡುತ್ತಿದ್ದರು.

"ಸಾಯಂಕಾಲ ಐದಕ್ಕೆ ಬೋರ್ಡಿನವರ ಕಿಟಕಿ ಮುಚ್ಚುತ್ತೆ ಕಣ್ರೀ. ಆ ಸೊಣ್ಣಮ್ಮಂದು ಒಂದು ಬಾಕಿ."

"ಆಕೆಗೆ ತೀರಾ ಹುಷಾರಿಲ್ಲವಂತಲ್ಲ ಸಾರ್."

"ಅದಕ್ಕೇ ಹೇಳ್ತಿರೋದು, ಬೇಗ ಹೋಗಿ ಅಂತ."

ಸೊಣ್ಣಮ್ಮನ ಮನೆ ಬೀದಿಯ ಕಟ್ಟಕಡೆಗಿತ್ತು. ಬಡಾವಣೆ ಬರುವ ಮೊದಲು ಈ ನೆಲವೆಲ್ಲ ಅವಳದೇ ರಾಗಿ ಹೊಲ. ಹೊಲ ಹೋಯಿತು, ಹೆಂಚಿನ ಮನೆ ಉಳಿಯಿತು. ವೆಂಕಟಾಚಲ ಎರಡು ಸಲ ಸಹಿ ಕೇಳಲು ಹೋಗಿ ಎರಡು ಸಲವೂ ಬೈಸಿಕೊಂಡು ಬಂದಿದ್ದ. "ನನ್ನ ಹೊಲದ ಮ್ಯಾಲೆ ರಸ್ತೆ ಬಿಟ್ಕೊಂಡು, ಆ ರಸ್ತೆಗೆ ನನ್ನತ್ರಾನೇ ದುಡ್ಡು ಕೇಳೋಕೆ ಬಂದಿದ್ದೀಯಲ್ಲಪ್ಪ, ನಿನ್ನ ಓದಿಸಿದೋರು ಯಾರು?" ಎಂದು ಅವಳು ಕೇಳಿದಾಗ ಅವನು ಕಾಗದ ಮಡಚಿಕೊಂಡು ಎದ್ದುಬಂದಿದ್ದ.

ಆಫೀಸಿಗೆ ರಜ ಹಾಕಿ ಹೊರಟವನ ಕೈಗೆ ಚೂಡಾಮಣಿ ಚೀಲದಲ್ಲಿ ನಾಲ್ಕು ಮೂಸಂಬಿ ಹಾಕಿಕೊಟ್ಟಳು. "ಕಾಯಿಲೆಯೋರ ಮನೆಗೆ ಬರಿಗೈಲಿ ಹೋಗ್ಬೇಡಿ. ಮೊದಲು ಹಣ್ಣು ಕೊಡಿ, ಆಮೇಲೆ ಕಾಗದ ತೆಗೀರಿ." ಅವನು ಹೆಬ್ಬೆಟ್ಟು ಒತ್ತಿಸುವ ಮಸಿಡಬ್ಬಿಯನ್ನು ಹಣ್ಣಿನ ಕೆಳಗೆ ಬಚ್ಚಿಟ್ಟುಕೊಂಡ.

ಅಲ್ಲಿ ನೋಡಿದರೆ ಅಂಗಳದ ತುಂಬ ಜರಗನಹಳ್ಳಿಯಿಂದ ಬಂದ ನೆಂಟರು. ಸೊಣ್ಣಮ್ಮನ ಮಗ ಬೈರಣ್ಣ ಕಂಬಕ್ಕೆ ಒರಗಿ ಕೂತಿದ್ದ.

"ಡಾಕ್ಟ್ರು ಕೈಬಿಟ್ರು ಸ್ವಾಮಿ. ಇವತ್ತು ದಾಟಲ್ಲ ಅಂದವ್ರೆ."

"ಹಾಗಾದ್ರೆ ಬೈರಣ್ಣ, ಆ ಕಾಗದಕ್ಕೆ ನೀವೇ ಒಂದು ಸಹಿ..."

"ಮನೆ ಅವ್ವನ ಹೆಸರಲ್ಲೈತೆ. ಅವ್ವ ಇನ್ನೂ ಉಸಿರಾಡ್ತಾ ಅವಳೆ. ನಾನ್ಯಾರು ಹಾಕೋಕೆ?"

ವೆಂಕಟಾಚಲ ಮಂಚದ ಪಕ್ಕ ಚಾಪೆಯ ಮೇಲೆ ಮುದುರಿ ಕೂತ. ಸೊಣ್ಣಮ್ಮ ಕಣ್ಣು ಮುಚ್ಚಿದ್ದಳು. ಹತ್ತು ಗಂಟೆಗೆ ರಾಮಯ್ಯನವರು ಜೇಬುಗಡಿಯಾರ ಹಿಡಿದುಕೊಂಡು ಬಂದರು. ಹನ್ನೊಂದಕ್ಕೆ ಎದುರು ಮನೆಯ ಸರಸ್ವತಮ್ಮ ಬಾಯಿಗೆ ಬಿಡಲು ಗಂಗಾಜಲದ ಗಿಂಡಿ ತಂದರು. ಆ ಮುದುಕಿಯ ಮೇಲೆ ಅವರಿಗಿದ್ದ ಅಕ್ಕರೆ ಕಂಡು ನೆಂಟರಿಗೆ ಕಣ್ಣಲ್ಲಿ ನೀರು ಬಂತು. "ನೋಡಿ, ಬೀದಿಯೋರು ಎಷ್ಟು ಒಳ್ಳೇ ಜನ" ಎಂದು ಒಬ್ಬಾಕೆ ಇನ್ನೊಬ್ಬಳಿಗೆ ಹೇಳಿದ್ದು ಕೇಳಿ ವೆಂಕಟಾಚಲನಿಗೆ ನೆಲದೊಳಗೆ ಇಳಿದುಹೋಗುವಂತಾಯಿತು.

ಮಧ್ಯಾಹ್ನದೊಳಗೆ ಮೂರು ಸಲ ಸೊಣ್ಣಮ್ಮನ ಉಸಿರು ನಿಂತಂತಾಯಿತು. ಮೂರು ಸಲವೂ ಹೆಂಗಸರು ಗೋಳೋ ಎಂದರು. ಮೂರು ಸಲವೂ ಅವಳು ಗೊರ್ ಎಂದು ಉಸಿರೆಳೆದಳು. ಮೂರೂವರೆಗೆ ನಾಲ್ಕನೆಯ ಸಲ ನಿಂತದ್ದು ಮಾತ್ರ ಮತ್ತೆ ಬರಲಿಲ್ಲ. ಬೈರಣ್ಣ ಬಿದಿರು ತರಿಸಲು ಹೊರಗೆ ಓಡಿದ. ಹೆಂಗಸರು ಅಂಗಳದಲ್ಲಿ ಎದೆ ಬಡಿದುಕೊಳ್ಳತೊಡಗಿದರು. ಒಳಗೆ ಉಳಿದವರು ಬೀದಿಯ ಮೂವರು ಮತ್ತು ಸೊಣ್ಣಮ್ಮ.

"ಈಗ ಮಾಡಿ" ಎಂದರು ರಾಮಯ್ಯ, ಗಡಿಯಾರ ನೋಡುತ್ತ.

"ಹೋಗಿಬಿಟ್ಟಿದ್ದಾರೆ ಸಾರ್."

"ಈಗ ತಾನೇ ಹೋಗಿರೋದು. ಎರಡು ನಿಮಿಷದ ಹಿಂದೆ ಇದ್ದರು. ಎರಡು ನಿಮಿಷದ ಹಿಂದೆ ಒತ್ತಿದ್ದು ಅಂತ ತಿಳ್ಕೊಳ್ಳಿ. ಕೈ ತಣ್ಣಗಾದ್ರೆ ರೇಖೆ ಸರಿಯಾಗಿ ಬೀಳಲ್ಲ."

"ಪಾಪ ಅಲ್ವಾ ಸಾರ್?"

"ಪಾಪವೇ" ಎಂದರು ಸರಸ್ವತಮ್ಮ. "ನಾನು ಆ ಕಡೆ ತಿರುಗಿ ನಿಂತ್ಕೋತೀನಿ."

ವೆಂಕಟಾಚಲನ ಕಣ್ಣ ಮುಂದೆ ಆ ಕುರ್ಚಿ ಬಂತು. ಅದು ವಾಲಿದ್ದು, ಚೂಡಾಮಣಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡದ್ದು. ಅವನು ಮೂಸಂಬಿಗಳನ್ನು ನೆಲಕ್ಕಿಟ್ಟು ಮಸಿಡಬ್ಬಿ ತೆಗೆದ. ಸೊಣ್ಣಮ್ಮನ ಎಡಗೈ ಎತ್ತಿಕೊಂಡ. ಕಳೆ ಕಿತ್ತೂ ಕಿತ್ತೂ ಒರಟಾದ ಹೆಬ್ಬೆರಳು. ಅದಕ್ಕೆ ಮಸಿ ಹಚ್ಚಿ ಕಾಗದದ ಮೇಲಿಟ್ಟು ಒತ್ತಿದ.

ಹೆಬ್ಬೆರಳು ತಿರುಗಿ ಒತ್ತಿತು.

ಎಪ್ಪತ್ತು ದಾಟಿದ ರಾಮಯ್ಯನವರು ಆ ಕೋಣೆಯಿಂದ ಎಲ್ಲರಿಗಿಂತ ಮೊದಲು ಹೊರಗಿದ್ದರು. ಸರಸ್ವತಮ್ಮನ ಕೈಯಿಂದ ಗಂಗೆ ಜಾರಿ ನೆಲದ ಪಾಲಾಯಿತು; ಅವರೂ ಹಿಂದೆಯೇ ಓಡಿದರು. ವೆಂಕಟಾಚಲನಿಗೂ ಓಡುವ ಮನಸ್ಸಿತ್ತು. ಆದರೆ ಮುದುಕಿ ಅವನ ಬೆರಳು ಹಿಡಿದುಕೊಂಡಿದ್ದಳು.

"ಯಾರದು?"

"ನಾನಮ್ಮ. ವೆಂಕಟಾಚಲ."

"ಯಮನ ಕಡೆಯೋನು ಅಂದ್ಕೊಂಡೆ. ಅಲ್ಲೂ ಹೆಬ್ಬೆಟ್ಟು ಒತ್ತಿಸ್ಕೋತಾರಾ ಅಂತ ಬೇಜಾರಾಯ್ತು." ಅವಳು ಮಸಿ ಮೆತ್ತಿದ ಬೆರಳನ್ನು ನೋಡಿಕೊಂಡಳು. "ರಸ್ತೇದಾ?"

ಅವನು ಮಂಚದ ಕಾಲು ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟ. ಸತ್ತಳೆಂದು ತಿಳಿದು ಒತ್ತಿದ್ದು, ಚೂಡಾಮಣಿಗೆ ದಿನ ತುಂಬುತ್ತಿರುವುದು, ಇನ್ನು ಎರಡು ವಾರದಲ್ಲಿ ಮಳೆ ಹಿಡಿದುಕೊಳ್ಳುವುದು.

"ಹೋದ ವರ್ಷ ಕುರ್ಚೀಲಿ ಹೊತ್ಕೊಂಡು ಹೋದ್ರಲ್ಲ, ಆ ಹೆಣ್ಣುಮಗಳು ನಿನ್ನ ಹೆಂಡ್ತಿಯಾ?"

"ಹೌದಮ್ಮ."

"ಕೂಸು?"

ಅವನು ಇಲ್ಲವೆಂದು ತಲೆಯಾಡಿಸಿದ. "ನಂದೂ ಎರಡು ಹೋದವು" ಎಂದಳು. ಆಮೇಲೆ ಕೈ ಚಾಚಿದಳು. "ಕಾಗದ ತಾ. ನೀನು ಒತ್ತಿದ್ದು ನಡುಗಿ ಕಲೆಸಿಹೋಗೈತೆ. ನಾನೇ ಒತ್ತುತೀನಿ. ನನ್ನ ಮನೆ ಮುಂದೆ ಎಷ್ಟಾಗ್ತದೋ ಅಷ್ಟು ಕೊಡ್ತೀನಿ; ಎಮ್ಮೆ ಮಾರಿದ್ದು ಐತೆ."

ಈ ಸಲದ ಹೆಬ್ಬೆಟ್ಟು ಅಚ್ಚು ಹಾಕಿದಂತೆ ಬಿತ್ತು.

ಹೊರಗೆ ಬಿದಿರು ಇಳಿಸುತ್ತಿದ್ದ ಬೈರಣ್ಣನಿಗೆ ವೆಂಕಟಾಚಲ, "ನಿಮ್ಮ ತಾಯಿ ಕರೀತಿದ್ದಾರೆ" ಎಂದಷ್ಟೇ ಹೇಳಿ ಬೀದಿಗೆ ಬಿದ್ದ. ಅಷ್ಟರಲ್ಲಿ ಮಳೆ ಶುರುವಾಯಿತು. ಕಾಗದವನ್ನು ಅಂಗಿಯೊಳಗೆ, ಬನಿಯನ್ನಿಗೆ ಒತ್ತಿಕೊಂಡು ಓಡಿದ. ಎರಡು ಕಡೆ ಜಾರಿ ಬಿದ್ದ. ಬಸ್ಸಿನಲ್ಲಿ ಪಕ್ಕದವನು ಅವನ ಕೆಸರು ನೋಡಿ ಎದ್ದು ಬೇರೆ ಕಡೆ ಹೋಗಿ ಕೂತ. ಬೋರ್ಡಿನ ಕಚೇರಿಯ ಕಿಟಕಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ.

ಕಿಟಕಿಯ ಆಚೆ ಮರುಳಸಿದ್ದಪ್ಪ ಎಂಬ ಗುಮಾಸ್ತರು ಕೂತಿದ್ದರು. ತಾಳ್ಮೆಯ ಮನುಷ್ಯ. ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು.

"ಅಕ್ಷರ ಬಹಳ ಚೆನ್ನಾಗಿದೆ. ಯಾರದು?"

"ನಂದೇ ಸಾರ್."

"ಸಂತೋಷ." ಅವರು ಒಳಗಿನಿಂದ ಒಂದು ದಪ್ಪ ರಿಜಿಸ್ಟರು ತಂದು ತೆರೆದು, ಕೆಂಪು ಪೆನ್ಸಿಲು ಹಿಡಿದರು. ಮೊದಲ ಹೆಸರಿನ ಮೇಲೆ ಗೀಟು ಎಳೆದರು. ಎರಡನೆಯದರ ಮೇಲೂ ಎಳೆದರು.

"ಯಾಕೆ ಸಾರ್ ಹೊಡೆದು ಹಾಕ್ತೀರಿ?"

"ಇವರು ಮಾಲೀಕರಲ್ಲ."

"ಅದು ರಾಮಯ್ಯನವರು ಸಾರ್. ಒಂದೊಂದು ಕಲ್ಲಿಗೂ ತಾವೇ ನಿಂತು ಕಟ್ಟಿಸಿದ ಮನೆ."

"ಕಟ್ಟಿಸಿರಬಹುದು. ನಿವೇಶನ ಬೋರ್ಡಿಂದು. ಹತ್ತು ವರ್ಷ ಗುತ್ತಿಗೆ, ಆಮೇಲೆ ಕ್ರಯಪತ್ರ. ಅಲ್ಲೀ ತನಕ ಅವರು ಬಾಡಿಗೆಗಿದ್ದ ಹಾಗೆ. ನಿಮ್ಮ ಮನೆ ಯಾವಾಗಿಂದು?"

"ಐವತ್ತೆಂಟರದು."

"ಹಾಗಾದ್ರೆ ಅರವತ್ತೆಂಟಕ್ಕೆ ಬನ್ನಿ, ಸಹಿ ಹಾಕೋರಂತೆ." ವೆಂಕಟಾಚಲನ ದುಂಡನೆಯ ಸಹಿಯ ಮೇಲೂ ಕೆಂಪು ಗೀಟು ಬಿತ್ತು. ಹೀಗೆ ಇಪ್ಪತ್ತೆರಡು ಗೀಟು ಎಳೆದು, ಕೊನೆಯ ಹೆಬ್ಬೆಟ್ಟಿನ ಹತ್ತಿರ ಪೆನ್ಸಿಲು ನಿಂತಿತು. ಅವರು ರಿಜಿಸ್ಟರಿನಲ್ಲಿ ಬೆರಳಿಟ್ಟು ಹುಡುಕಿದರು.

"ಸೊಣ್ಣಮ್ಮ. ಸ್ವಂತ ಸ್ವತ್ತು. ಈ ಬೀದಿಗೆ ಮಾಲೀಕರು ಅಂತ ಇರೋರು ಇವರೊಬ್ಬರೇ." ಗುಮಾಸ್ತರ ಮುಖ ಅರಳಿತು. "ಮಾಲೀಕರೆಲ್ಲ ಒಪ್ಪಿದ ಹಾಗಾಯ್ತಲ್ಲ. ಅರ್ಜಿ ಮಂಜೂರು."

ವೆಂಕಟಾಚಲ ಕಿಟಕಿಯ ಸರಳು ಹಿಡಿದುಕೊಂಡ. "ಅಂದ್ರೆ ರಸ್ತೆ ಆಗುತ್ತಾ ಸಾರ್?"

"ಆಗದೆ ಏನು? ಪಾಲು ಕೊಡೋ ಮಾಲೀಕರ ಮನೆ ಮುಂದೆ ಆಗುತ್ತೆ. ಎಷ್ಟಿದೆ ನೋಡೋಣ. ಅರವತ್ತಡಿ. ಅರವತ್ತಡಿ ಡಾಂಬರು."

"ಅವರ ಮನೆ ಬೀದಿಯ ಕಟ್ಟಕಡೆ ಸಾರ್. ಅಲ್ಲಿಗೆ ಹೋಗೋ ತನಕ ಬರೀ ಕೆಸರು. ಆ ಅರವತ್ತಡಿ ಯಾರಿಗೆ ಬೇಕು?"

"ಕೇಳಿರೋದು ನೀವು" ಎಂದು ಮರುಳಸಿದ್ದಪ್ಪ ಸಮಾಧಾನವಾಗಿ ಮೊಹರು ಒತ್ತಿದರು. "ಇನ್ನೊಂದು. ರೋಲರು ಅಲ್ಲೀ ತನಕ ಬರೋ ಹಾಗೆ ದಾರಿ ಗಟ್ಟಿ ಮಾಡಿಕೊಡೋದು ಬೀದಿಯವರ ಹೊಣೆ. ಅರ್ಜಿಯಲ್ಲಿರೋ ಎಂಟನೇ ಷರತ್ತು. ನೀವೇ ಬರೆದಿದ್ದೀರಲ್ಲ."

ಅವನು ಬೀದಿಗೆ ಮರಳುವ ಹೊತ್ತಿಗೆ ಮಳೆ ನಿಂತಿತ್ತು. ತಮ್ಮ ಜಗಲಿಯಲ್ಲಿ ಕಾದಿದ್ದ ರಾಮಯ್ಯನವರಿಗೆ ವಿಷಯ ಹೇಳಿದ. ರಸ್ತೆ ಹೋದದ್ದು ಅವರಿಗೆ ಅಷ್ಟು ನಾಟಲಿಲ್ಲ. "ನಾನು ಬಾಡಿಗೆಯವನಂತಾ? ಯಾರ್ರೀ ಅವನು?" ಎಂದು ಮನೆಯ ಕಾಗದಪತ್ರ ಹುಡುಕಲು ಒಳಗೆ ಹೋದರು. ತನ್ನ ಮನೆಯ ಗೇಟಿನಲ್ಲಿ ಚೂಡಾಮಣಿ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತಿದ್ದಳು. "ಆಯ್ತಾ?" ಎಂದಳು. "ಬಂದೆ ಇರು" ಎಂದು ಅವಳ ಮುಖ ನೋಡದೆ ಮುಂದಕ್ಕೆ ನಡೆದ. ಮೊದಲು ಸೊಣ್ಣಮ್ಮನಿಗೆ ಹೇಳಬೇಕೆನಿಸಿತ್ತು. ಅವಳು ಎಮ್ಮೆಯ ದುಡ್ಡು ಕೊಡುವವಳು.

ಅಂಗಳದಲ್ಲಿ ಬಿದಿರು ಗೋಡೆಗೆ ಒರಗಿ ನಿಂತಿತ್ತು. ನೆಂಟರು ಊರಿಗೆ ಹೋಗುವುದೋ ಉಳಿಯುವುದೋ ತಿಳಿಯದೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಒಳಗೆ ಸೊಣ್ಣಮ್ಮ ದಿಂಬಿಗೆ ಒರಗಿ, ಬೈರಣ್ಣನ ಕೈಯಿಂದ ಗಂಜಿ ಕುಡಿಯುತ್ತಿದ್ದಳು. ವೆಂಕಟಾಚಲ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಬೀದಿಗೆಲ್ಲ ಅವಳೊಬ್ಬಳೇ ಮಾಲೀಕಳೆಂಬುದನ್ನೂ, ಅವಳ ಬಾಗಿಲ ಮುಂದೆ ಮಾತ್ರ ಅರವತ್ತಡಿ ರಸ್ತೆ ಬರುವುದನ್ನೂ.

ಅವಳು ಗಂಜಿಯ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ನನಗ್ಯಾಕಪ್ಪ ರಸ್ತೆ?" ಎಂದಳು. "ನಾನಿನ್ನು ಎಲ್ಲಿಗೆ ಹೋಗ್ಬೇಕು?"