ದೊಡ್ಡಪ್ಪ ಕದ್ದ ಮಣ್ಣು

ನಮ್ಮ ದೊಡ್ಡಪ್ಪ ಕಳ್ಳರು. ಮನೆಯ ಮಾನ ಕಳೆಯುವ ಈ ಮಾತನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಹೇಗೂ ಹೊನ್ನಾಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇದು ಹೊಳೆ ದಂಡೆಯ ಊರು. ಇಲ್ಲಿ ಲಾರಿಗಟ್ಟಲೆ ಮರಳು ಮಾಯವಾದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆದರೆ ನಮ್ಮ ದೊಡ್ಡಪ್ಪ ಸೈಕಲ್ಲಿಗೆ ಸಿಮೆಂಟ್ ಚೀಲ ಕಟ್ಟಿಕೊಂಡು ಒಯ್ದ ಮಣ್ಣಿಗೆ ದೊಡ್ಡ ಪಂಚಾಯಿತಿಯೇ ಸೇರಿತು! ಏಕೆಂದರೆ ಅದು ಗರಡಿಮನೆಯ ಮಣ್ಣು. ಕದ್ದವರು ಅದೇ ಗರಡಿಯ ಉಸ್ತಾದರು. ಕದ್ದದ್ದು ಹುಡುಗಿಯರಿಗಾಗಿ. ಅರವತ್ತು ದಾಟಿದ ಮನುಷ್ಯ ಹುಡುಗಿಯರಿಗಾಗಿ ಕಳ್ಳತನ ಮಾಡಿದ ಎಂದರೆ ನಿಮಗೆ ಏನನ್ನಿಸುತ್ತದೋ ಊರಿಗೂ ಅದೇ ಅನ್ನಿಸಿತು. ಸ್ವಲ್ಪ ತಡೆಯಿರಿ.

ನಾನು ಸಂತೇಬೆನ್ನೂರಿನ ಕಡೆಯವಳು. ಹೊನ್ನಾಳಿಯ ಕಾಲೇಜಿನಲ್ಲಿ ಬಿ.ಎ. ಓದಲೆಂದು ದೊಡ್ಡಪ್ಪನ ಮನೆಯಲ್ಲಿದ್ದೇನೆ. ದಿನವೂ ಡೈರಿ ಬರೆಯುವುದು ನನ್ನ ಚಟ. ತಾರೀಖು, ಮೋಡ ಇತ್ತೋ ಬಿಸಿಲಿತ್ತೋ, ಏನಾಯಿತು, ಎಷ್ಟು ಸಲ ಆಯಿತು, ಎಲ್ಲವೂ ಅದರಲ್ಲಿರುತ್ತದೆ. ಈ ವರ್ಷದ ಡೈರಿ ತೆರೆದರೆ ಮೋಡದ ದಿನಗಳೇ ಹೆಚ್ಚು.

ದೊಡ್ಡಪ್ಪನ ಕಿವಿಗಳು ಹೂಕೋಸಿನಂತಿವೆ. ಎಷ್ಟೋ ಎದುರಾಳಿಗಳು ಅವನ್ನು ಉಜ್ಜಿ ಉಜ್ಜಿ ಆ ಸ್ಥಿತಿಗೆ ತಂದಿದ್ದಾರೆ. ಅವರು ಯಾರ ಮುಖವನ್ನೂ ನೋಡುವುದಿಲ್ಲ, ನೋಡುವುದು ಕುತ್ತಿಗೆಯನ್ನು. ಪಕ್ಕದ ಮನೆಗೆ ಹೆಣ್ಣು ನೋಡಲು ಬಂದ ಗಂಡನ್ನು ಸುತ್ತು ಹಾಕಿ ನೋಡಿ, "ಹುಡುಗ ಓದಿದಾನೆ, ಸರಿ. ಕುತ್ತಿಗೆನೇ ಇಲ್ವಲ್ರೀ! ಸಂಸಾರದ ಭಾರ ಎಲ್ಲಿ ಹೊರ್ತಾನೆ?" ಎಂದುಬಿಟ್ಟರು. ಆ ಸಂಬಂಧ ಮುರಿಯಿತು. ಪಕ್ಕದ ಮನೆಯವರು ಇವತ್ತಿಗೂ ನಮ್ಮ ಜೊತೆ ಮಾತಾಡುವುದಿಲ್ಲ.

ಇನ್ನೊಂದು ವಿಚಿತ್ರವೆಂದರೆ ಅವರಿಗೆ ಯಾರ ಹೆಸರೂ ಬೇಡ. ಪೈಲ್ವಾನರನ್ನು ಕರೆಯುವಂತೆ ಎಲ್ಲರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಾರೆ. "ಏ ಸಂತೇಬೆನ್ನೂರು, ಒಂದು ಲೋಟ ನೀರು ತಾ!" ಎಂದರೆ ಒಂದಿಡೀ ಊರಿನ ಪರವಾಗಿ ನಾನು ಎದ್ದು ಹೋಗಬೇಕು.

ಇಂಥವರ ಮುಂದೆ ಒಂದು ಸಂಜೆ ಕಾಲೇಜಿನ ಸುದ್ದಿ ಹೇಳಿದ್ದೇ ಎಲ್ಲಕ್ಕೂ ಮೂಲವಾಯಿತು. ಅಂತರ ಕಾಲೇಜು ಕುಸ್ತಿಯಲ್ಲಿ ಈ ವರ್ಷದಿಂದ ಹುಡುಗಿಯರ ವಿಭಾಗವೂ ಇದೆ, ಪಂದ್ಯ ಚನ್ನಗಿರಿಯಲ್ಲಿ ಎಂದು ನೋಟೀಸು ಹಾಕಿದ್ದರು. ನಾವು ಮೂವರು ಹುಡುಗಿಯರು ದೈಹಿಕ ಶಿಕ್ಷಣದ ಸರ್ ಹತ್ತಿರ ಹೋಗಿದ್ದೆವು.

"ಸರ್, ಹುಡುಗೀರಿಗೂ ಕುಸ್ತಿ ಐತಂತಲ್ಲ?"

"ಐತೆ ಕಣಮ್ಮ. ರಂಗೋಲಿನೂ ಐತೆ."

"ನಾವು ಕುಸ್ತಿಗೆ ಹೆಸರು ಕೊಡ್ತೀವಿ ಸರ್."

"ಕೊಡ್ರಿ. ಆಡಾಕೆ ಜಾಗ ಇಲ್ಲ, ಕಲ್ಸಾಕೆ ಜನ ಇಲ್ಲ, ಹಾಕ್ಕಳಾಕೆ ಡ್ರೆಸ್ ಇಲ್ಲ. ಹೆಸರು ಬರ್ಕಳಾಕೆ ಪೆನ್ ಒಂದೈತೆ."

ಸರ್ ಕೆಟ್ಟವರಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದರು ಅಷ್ಟೇ. ಹುಡುಗರಿಗೆ ಟ್ರ್ಯಾಕ್‌ಸೂಟ್ ಇತ್ತು, ಹಾಲು ಮೊಟ್ಟೆ ಇತ್ತು, ಬೆಳಿಗ್ಗೆ ಗರಡಿಯಲ್ಲಿ ಕಲಿಸಲು ನಮ್ಮ ದೊಡ್ಡಪ್ಪನೇ ಇದ್ದರು. ನಮಗೆ ಪೆನ್ ಇತ್ತು.

ದೊಡ್ಡಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: "ಕುತ್ತಿಗೆ ಹೆಂಗವೆ?"

ಮರುದಿನವೇ ಕಾಲೇಜಿನ ಗೇಟಿಗೆ ಬಂದು ನಿಂತರು. ಜಗಳೂರಿನ ಹುಡುಗಿಯನ್ನು ನೋಡಿ ಅವರ ಕಣ್ಣು ಅರಳಿತು. ಹಾಸ್ಟೆಲಿನಲ್ಲಿರುವ ಅವಳು ಚಿಕ್ಕಂದಿನಿಂದ ಕುರಿಮರಿಗಳನ್ನು ಹೆಗಲ ಮೇಲೆ ಹೊತ್ತು ಬೆಳೆದವಳು. "ಇಂಥಾ ಕುತ್ತಿಗೆ ಇಟ್ಕಂಡು ರಂಗೋಲಿ ಹಾಕಿಸ್ತಾರಂತಾ?" ಎಂದರು. ನ್ಯಾಮತಿಯ ಹುಡುಗಿ ದಿನವೂ ತುಂಬಿದ ಬಸ್ಸಿನಲ್ಲಿ ನಿಂತೇ ಬರುವವಳು. "ಏನೂ ಹಿಡ್ಕಳ್ದೆ ನಿಲ್ತೀಯಾ? ಬ್ರೇಕ್ ಹಾಕಿದ್ರೂ ಬೀಳಲ್ವಾ? ಕಾಲು ಅಂದ್ರೆ ಇವು!" ಎಂದು ತಲೆದೂಗಿದರು. ನನ್ನನ್ನು ನೋಡಿ, "ನಿಂದು ಪೆನ್ಸಿಲ್. ಆದ್ರೂ ಬಾ" ಎಂದರು.

ಆದರೆ ಎಲ್ಲಿಗೆ ಬರುವುದು? ಗರಡಿಮನೆಯೊಳಗೆ ಹೆಂಗಸರು ಕಾಲಿಡಬಾರದು. ಅದು ಅಜ್ಜನ ಕಾಲದ ನೇಮ. ನೇಮ ಮುರಿಯುವ ಜಾತಿಯಲ್ಲ ನಮ್ಮ ದೊಡ್ಡಪ್ಪ. ಹಿತ್ತಲಲ್ಲಿ ದೊಡ್ಡಮ್ಮ ಬಟ್ಟೆ ಒಣಹಾಕುತ್ತಿದ್ದ ಜಾಗವನ್ನು ಅಗೆದರು. ಹೊಸ ಕೆಮ್ಮಣ್ಣು ತರಿಸಿ ಜರಡಿ ಹಿಡಿದರು. ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಸಿನ ಎಲ್ಲ ಬೆರೆಸಿದರು. ಮೂಸಿ ನೋಡಿ ಮುಖ ಸಿಂಡರಿಸಿದರು.

"ಹಸೀ ಮಣ್ಣಿಗೆ ಬುದ್ಧಿ ಇರಲ್ಲ. ಮೈ ತರಚ್ತದೆ. ಇದಕ್ಕೆ ಹೆಪ್ಪು ಹಾಕ್ಬೇಕು."

"ಎಂಥಾ ಹೆಪ್ಪು?" ದೊಡ್ಡಮ್ಮ ಅನುಮಾನದಿಂದ ಕೇಳಿದರು.

"ಗರಡಿ ಮಣ್ಣು. ನಮ್ಮಪ್ಪನ ಬೆವರು, ಅವರಪ್ಪನ ಬೆವರು ಕುಡಿದಿರೋ ಮಣ್ಣು. ಹೆಂಗಸ್ರು ಗರಡಿಗೆ ಹೋಗಬಾರ್ದು ಅಂತ ನೇಮ ಐತೆ. ಗರಡಿ ಮಣ್ಣು ಹೆಂಗಸ್ರ ಹತ್ರ ಬರಬಾರ್ದು ಅಂತ ಎಲ್ಲೈತೆ?"

ಈ ವಾದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು! ಅಂದಿನಿಂದ ದಿನಕ್ಕೊಂದು ಚೀಲ ಸೈಕಲ್ ಏರಿ ಬರತೊಡಗಿತು. ಹಿತ್ತಲು ತುಂಬುತ್ತ ಹೋದಂತೆ ದೊಡ್ಡಮ್ಮನ ತಾಳ್ಮೆ ತಳ ಕಂಡಿತು. "ಹೆಪ್ಪು ಅಂದ್ರೆ ಒಂದು ಚಮಚ ರೀ! ನೀವು ಹಾಲಿಗಿಂತ ಹೆಪ್ಪೇ ಜಾಸ್ತಿ ಮಾಡಿದಿರಲ್ಲ!"

ಕಲಿಸುವುದರಲ್ಲಿ ಇನ್ನೊಂದು ತೊಡಕಿತ್ತು. ಹುಡುಗಿಯರ ಮೈ ಮುಟ್ಟಿ ಪಟ್ಟು ತೋರಿಸಲು ಅವರು ಒಪ್ಪಲಿಲ್ಲ. ಅದಕ್ಕಾಗಿ ಮೆಕ್ಕೆಜೋಳದ ಸಿಪ್ಪೆ ತುಂಬಿದ ಒಂದು ಗೋಣಿಮೂಟೆಯನ್ನು ಎದುರಾಳಿಯಾಗಿ ನೇಮಿಸಿದರು. "ನೋಡ್ರಿ, ಇವನು ಹಿಂಗೆ ನುಗ್ಗಿ ಬಂದ ಅಂತ ಇಟ್ಕಳ್ರಿ," ಎನ್ನುವರು. ಮೂಟೆ ಎಲ್ಲಿಂದ ನುಗ್ಗೀತು? ದೊಡ್ಡಪ್ಪನೇ ಅದನ್ನು ತಮ್ಮ ಮೇಲೆ ಎಳೆದುಕೊಂಡು, ತಾವೇ ಎತ್ತಿ ಒಗೆದು, ಏದುಸಿರು ಬಿಡುತ್ತಾ "ತಿಳೀತಾ?" ಎನ್ನುವರು. ಒಮ್ಮೆ ಹಬ್ಬಕ್ಕೆಂದು ಬಂದ ನಮ್ಮಪ್ಪ, ಸೊಸೈಟಿಯ ಗುಮಾಸ್ತರು, ತಿಳಿಯದೆ ಹಿತ್ತಲಿಗೆ ಹೋದರು. ಆ ದಿನ ಮೂಟೆಗೆ ರಜೆ ಸಿಕ್ಕಿತು. ಅಪ್ಪ ಆಮೇಲೆ ಹಬ್ಬಕ್ಕೆ ಬರುವುದನ್ನೇ ಬಿಟ್ಟರು.

ನನ್ನ ಕುಸ್ತಿಯ ಬದುಕು ಬಹಳ ಚಿಕ್ಕದು. ಎರಡನೆಯ ವಾರ ಜಗಳೂರು ನನ್ನನ್ನು ಎತ್ತಿದಳು. ಎತ್ತಿದ್ದು ನೆನಪಿದೆ, ಇಳಿದದ್ದು ನೆನಪಿಲ್ಲ. ಎಡಗೈ ಮುರಿಯಿತು. ಡಾಕ್ಟರು ಪಟ್ಟಿ ಕಟ್ಟಿ, ಈ ವರ್ಷ ಪೂರ್ತಿ ಮಣ್ಣಿಗಿಳಿಯಬೇಡ ಎಂದರು. ಬಲಗೈ ನೆಟ್ಟಗಿದ್ದದ್ದರಿಂದ ದೊಡ್ಡಪ್ಪ ನನ್ನನ್ನು ಬರೆಯುವ ಕೆಲಸಕ್ಕೆ ಹಾಕಿದರು. "ಯಾರು ಎಷ್ಟು ಸಲ ಬಿದ್ರು ಬರಿ. ಗೆದ್ದದ್ದು ಬರೀಬ್ಯಾಡ, ಅದು ಅವರಿಗೇ ನೆನಪಿರ್ತದೆ."

ಅತ್ತ ಗರಡಿಯಲ್ಲಿ ಮಣ್ಣು ತಗ್ಗುತ್ತಾ ಹೋಯಿತು. ಪೈಲ್ವಾನರು ಅಖಾಡಕ್ಕೆ ಇಳಿದರೆ ಬಾವಿಗೆ ಇಳಿದಂತೆ ಕಾಣುತ್ತಿದ್ದರಂತೆ! ಹಿರಿಯರೆಲ್ಲ ಸೇರಿ, ಯಾರೋ ಮಣ್ಣು ಕದಿಯುತ್ತಿದ್ದಾರೆ, ಕಾವಲು ಹಾಕಬೇಕು ಎಂದು ತೀರ್ಮಾನಿಸಿದರು. ಕಾವಲಿಗೆ ನಂಬಿಗಸ್ತರು ಬೇಕಲ್ಲ? ದೊಡ್ಡಪ್ಪನನ್ನೇ ನೇಮಿಸಿದರು. ಅವರೂ ಮನಸ್ಸಿಟ್ಟು ಕಾದರು. ಚೀಲವೂ ಬರುತ್ತಲೇ ಇತ್ತು. ಮುಂದಿನ ಸೋಮವಾರ ಮತ್ತೆ ಎಲ್ಲರೂ ಸೇರಿದರು. ಒಳಗೆ ಹೋಗುವಂತಿಲ್ಲದ ನಾನು ಕಿಟಕಿಯ ಹೊರಗೆ ನಿಂತು ಕೇಳಿದೆ.

"ಕಳ್ಳ ಸಿಕ್ಕನೇನಪ್ಪಾ?"

"ಸಿಕ್ಕ."

"ಯಾರು? ಕೈಕಾಲು ಮುರೀಬೇಕಿತ್ತು ಅವಂದು!"

"ಮುರೀಬೌದಿತ್ತು. ಮೂವತ್ತು ವರ್ಷದಿಂದ ನೀವ್ಯಾರೂ ಅವನ ಬೆನ್ನು ಮಣ್ಣಿಗೆ ತಾಗಿಸಿಲ್ಲ ನೋಡ್ರಿ, ಅದಕ್ಕೇ ನಿಮಗೆ ಹೇಳಲಿಲ್ಲ. ನಾನೇ."

ಯಾರೂ ನಗಲಿಲ್ಲ. ಗರಡಿಯ ಯಜಮಾನರು ದೊಡ್ಡಪ್ಪನ ಬಾಲ್ಯದ ಜೋಡಿ, ಇಬ್ಬರೂ ಒಟ್ಟಿಗೆ ಮೊದಲ ಲಂಗೋಟಿ ಕಟ್ಟಿದವರು. ನಮ್ಮ ಹಿತ್ತಲಿನ ಕುಸ್ತಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಮಣ್ಣು ವಾಪಸ್ ತಂದು ಹಾಕು. ಆ ಹುಡುಗೀರ್ನ ಮನೀಗೆ ಕಳ್ಸು. ಇಲ್ಲಾಂದ್ರೆ ಈ ಹೊಸ್ತಿಲು ದಾಟಬ್ಯಾಡ."

"ಚನ್ನಗಿರಿ ಪಂದ್ಯ ಮುಗೀಲಿ. ನನ್ನ ಹುಡುಗೀರು ಗೆದ್ದು ಬಂದ್ರೆ ನೀವೇ ಕರೀತೀರಿ," ಎಂದು ದೊಡ್ಡಪ್ಪ ಹೊರಬಂದರು.

ಬುದ್ಧಿ ಬಂದಾಗಿನಿಂದ ಒಂದು ಬೆಳಗೂ ತಪ್ಪಿಸದ ಜಾಗ ಅದು. ಮನಸ್ಸು ಹೊರಬಂದರೂ ಕಾಲು ಕೇಳಬೇಕಲ್ಲ? ಹೊಳೆಗೆ ಹೋಗುತ್ತೇನೆಂದು ಹೊರಟವರು ಗರಡಿಯ ಗೋಡೆಯ ಪಕ್ಕ ನಿಲ್ಲುತ್ತಿದ್ದರು. ಒಳಗೆ ತೊಡೆ ತಟ್ಟಿದ ಸದ್ದು ಕೇಳಿದರೆ ಸಾಕು, "ಎಡಗಾಲು ಹಿಂದಕ್ ತಗಾ!" ಎಂದು ಕಿಟಕಿಯ ಮೂಲಕ ಕೂಗುವರು. ಸದ್ದು ಕೇಳಿಯೇ ಯಾವ ಕಾಲು ಎಂದು ಹೇಗೆ ತಿಳಿಯುತ್ತಿತ್ತೋ! ನಾಲ್ಕನೆಯ ದಿನ ಒಳಗಿನಿಂದ ಯಾರೋ ಕಿಟಕಿ ಮುಚ್ಚಿದರು.

ಚನ್ನಗಿರಿಗೆ ಹುಡುಗರು ಬಾಡಿಗೆ ಗಾಡಿಯಲ್ಲಿ ಹೋದರು. ಅದರಲ್ಲಿ ನಮಗೆ ಜಾಗವಿರಲಿಲ್ಲ. ನಾವು ಬಸ್ಸು ಬದಲಿಸಿಕೊಂಡು, ಹುಡುಗರ ಹಳೆಯ ಡ್ರೆಸ್ಸಿಗೆ ಪಿನ್ನು ಹಾಕಿಕೊಂಡು, ಅವರ ಹಳೆಯ ಶೂಗಳಿಗೆ ಹತ್ತಿ ತುರುಕಿಕೊಂಡು ಹೋದೆವು. ಅಲ್ಲಿ ನೋಡಿದರೆ ಮಣ್ಣಿಲ್ಲ, ನೀಲಿ ಮ್ಯಾಟು! ದೊಡ್ಡಪ್ಪನಿಗೆ ಮ್ಯಾಟ್ ವಿಷಯ ಗೊತ್ತಿರಲಿಲ್ಲವೆಂದಲ್ಲ. "ಅದು ಹಾಸಿಗೆ. ಹಾಸಿಗೆ ಮ್ಯಾಲೆ ಯಾರು ಕುಸ್ತಿ ಆಡ್ತಾರೆ? ಮಣ್ಣು ಕಲ್ತೋರಿಗೆ ಎಲ್ಲಾ ಬರ್ತದೆ," ಎನ್ನುತ್ತಿದ್ದರು. ಅಂದು ಅಭ್ಯಾಸದಂತೆ ಬಗ್ಗಿ ಅಂಚನ್ನು ಮುಟ್ಟಿದರು. ಬೆರಳಿಗೆ ಏನೂ ಹತ್ತಲಿಲ್ಲ. ಆ ಖಾಲಿ ಬೆರಳನ್ನು ಒಂದು ಗಳಿಗೆ ನೋಡಿ, ಹಾಗೆಯೇ ಹಣೆಗೆ ಒತ್ತಿಕೊಂಡರು.

ನ್ಯಾಮತಿಯ ಕಾಲು ಯಾವ ಬ್ರೇಕಿಗೂ ಜಗ್ಗದ ಕಾಲು. ಆದರೆ ಸಡಿಲ ಶೂ ಮ್ಯಾಟಿಗೆ ಸಿಕ್ಕಿಕೊಂಡು, ಎದುರಾಳಿ ಮುಟ್ಟುವ ಮೊದಲೇ ಮುಗ್ಗರಿಸಿದಳು. ಜಗಳೂರು ಸ್ವಲ್ಪ ಹೊತ್ತು ನಿಂತಳು. ಒಮ್ಮೆ ಎದುರಾಳಿಯನ್ನು ಕುರಿಮರಿಯಂತೆ ಎತ್ತಿಯೂ ಬಿಟ್ಟಳು. ಎತ್ತಿ ಆದಮೇಲೆ ಮ್ಯಾಟಿನಲ್ಲಿ ಹೇಗೆ ಕೆಡವಬೇಕೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳೇ ಕೆಳಗಾದಳು.

ಲೆಕ್ಕ ಬರೆದೆ: ಹುಡುಗಿಯರು, ಎಲ್ಲರೂ ಸೋಲು. ಹುಡುಗರು, ಎಲ್ಲರೂ ಸೋಲು.

"ನಾನು ಮೊದ್ಲೇ ಹೇಳಿದ್ನಲ್ಲಮ್ಮ, ಹುಡುಗೀರಿಗೆ ಇದು ಆಗಲ್ಲ," ಎಂದರು ಸರ್.

"ಹುಡುಗರೂ ಎಲ್ಲಾ ಸೋತರಲ್ಲ ಸರ್?"

"ಅವರಿಗೆ ಅನುಭವ ಸಾಲಲಿಲ್ಲ ಕಣಮ್ಮ. ಮುಂದಿನ ವರ್ಷ ನೋಡಣ."

ಮುಂದಿನ ವರ್ಷ ಹುಡುಗರಿಗೆ ಮಾತ್ರ ಬರುತ್ತದೆ ಎಂದು ನನಗೆ ಅಂದೇ ತಿಳಿದದ್ದು.

ವಾಪಸ್ ಬರುವಾಗ ದೊಡ್ಡಪ್ಪ ಯಾವ ಊರನ್ನೂ ಕರೆಯಲಿಲ್ಲ. ಬಸ್ಸಿನ ಕಿಟಕಿಗೆ ತಲೆ ಆನಿಸಿ, "ತಪ್ಪು ನಂದು. ನೀವು ಎದುರಾಳಿಗೆ ಸೋಲಲಿಲ್ಲ, ನನ್ನ ಹಟಕ್ಕೆ ಸೋತ್ರಿ," ಎಂದರು. ಅವರು ಯಾರ ಕುತ್ತಿಗೆಯನ್ನೂ ನೋಡದೆ ಮಾತಾಡಿದ್ದು ಅದೇ ಮೊದಲು.

ಆ ವಾರದಿಂದ ನ್ಯಾಮತಿ ಬರಲಿಲ್ಲ. ಸೋಲುವುದಕ್ಕೆ ಇಷ್ಟು ಬೇಗ ಎದ್ದು ಬಸ್ಸು ಹತ್ತಬೇಕೇ ಎಂದು ಮನೆಯಲ್ಲಿ ಕೇಳಿದರಂತೆ.

ಒಂದು ಸಂಜೆ ಗರಡಿಯ ಯಜಮಾನರೇ ಮನೆಗೆ ಬಂದರು. ದೊಡ್ಡಮ್ಮ ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಸೋತು ಬಂದ್ರಲ್ಲ, ಮುಗೀತು ಬಿಡು. ಮಣ್ಣು ತಂದ್ಹಾಕಿ ಒಳಗ್ ಬಾರೋ ಮಾರಾಯ. ನೀನಿಲ್ದೆ ಗರಡಿ ಬಣಗುಡ್ತಾ ಐತೆ," ಎಂದರು.

ಮರುದಿನ ಬೆಳಿಗ್ಗೆ ಸೈಕಲ್ ಹಿತ್ತಲಲ್ಲಿ ನಿಂತಿತ್ತು. ದೊಡ್ಡಪ್ಪ ಸಲಿಕೆ ಹಿಡಿದು ಚೀಲಕ್ಕೆ ಮಣ್ಣು ತುಂಬುತ್ತಿದ್ದರು. ಮೇಲೆ ಜಿನುಗುವ ಮೋಡ. ಎಂದಿನಂತೆ ಜಗಳೂರು ಬಂದಳು, ಸಲಿಕೆ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಹೋಗ್ರಿ ಅಜ್ಜಾ, ಗರಡಿಗೆ ಹೋಗ್ರಿ. ನನ್ನ ಜತಿ ಹಿಡಿಯಾಕೆ ಯಾರೂ ಇಲ್ಲ. ಎಷ್ಟು ದಿನ ಅಂತ ಮೂಟೆ ಕೂಡ ಗುದ್ದಾಡ್ಲಿ?"

ದೊಡ್ಡಪ್ಪನ ಸಲಿಕೆ ಒಂದು ಕ್ಷಣ ನಿಂತಿತು. ಮತ್ತೆ ಮಣ್ಣಿಗಿಳಿಯಿತು.

ಅಡಿಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ದೊಡ್ಡಮ್ಮ ಮೊರ ಪಕ್ಕಕ್ಕಿಟ್ಟು ಎದ್ದರು. ಬೈಯಲು ಬಂದರು ಎಂದುಕೊಂಡೆ. ಸೀರೆಯ ನೆರಿಗೆಯನ್ನು ಹಿಂದಕ್ಕೆ ಎಳೆದು ಕಚ್ಚೆ ಬಿಗಿದರು.

"ಯಾರೂ ಇಲ್ಲ ಅಂತೀಯಲ್ಲೇ, ನಾನೇನು ಸತ್ತೀನಾ? ಬೀಳ್ಸಾಕೆ ಬರಲ್ಲ ನನಗೆ. ಬೀಳಾಕೆ ಬರ್ತದೆ. ಹಿಡಿ ಬಾ."

"ಏ, ಸೊಂಟ ಮುರ್ಕಂತೀಯ!" ದೊಡ್ಡಪ್ಪ ಗಾಬರಿಯಾದರು.

"ಮುರ್ದರೆ ನೀವು ಅಡಿಗೆ ಮಾಡ್ರಿ. ಮದುವೆ ಆದಾಗಿಂದ ದಿನಾ ಹಾಲಿನ ಚೊಂಬು ತಂದು ಆ ಗರಡಿ ಬಾಗಿಲಾಗೆ ಇಟ್ಟು ಹೋಗಿದೀನಿ. ಒಳಗೆ ಅಂಥಾದ್ದು ಏನೈತೆ ಅಂತ ಒಂದಿನಾನಾದ್ರೂ ಹೇಳಿದೀರಾ? ಇಲ್ಲೇ ನೋಡ್ಕಂತೀನಿ, ಸರೀರಿ."

ದೊಡ್ಡಪ್ಪ ಸರಿಯಲಿಲ್ಲ. ಸಲಿಕೆಯನ್ನು ಗೋಡೆಗೆ ಒರಗಿಸಿ, ತುಂಬಿದ ಚೀಲವನ್ನು ತಲೆಕೆಳಗು ಮಾಡಿ ಮಣ್ಣನ್ನೆಲ್ಲ ಮತ್ತೆ ಕೆಳಗೆ ಸುರಿದರು. "ಹಂಗೇ ಇಳೀಬಾರ್ದು, ನಿಂತ್ಕೋ," ಎಂದರು. ಒಂದು ಹಿಡಿ ಮಣ್ಣೆತ್ತಿ ಕಣ್ಣಿಗೊತ್ತಿಕೊಂಡರು. ದೊಡ್ಡಮ್ಮನ ಬಳೆಗಳನ್ನು ಒಂದೊಂದಾಗಿ ಮೊಣಕೈಯತ್ತ ಸರಿಸಿ, ಪೈಲ್ವಾನನಿಗೆ ಹಚ್ಚುವಂತೆ ಅಂಗೈಗೆ, ಮಣಿಕಟ್ಟಿಗೆ, ತೋಳಿಗೆ ನಿಧಾನವಾಗಿ ಹಚ್ಚಿದರು. ಪಾತ್ರೆ ತಿಕ್ಕಿ ಒರಟಾದ ಆ ಕೈಯನ್ನು ಮೊದಲ ಸಲ ನೋಡುವವರಂತೆ ತಿರುಗಿಸಿ ತಿರುಗಿಸಿ ನೋಡಿದರು. ಹಚ್ಚಿ ಮುಗಿದರೂ ಕೈ ಬಿಡಲಿಲ್ಲ.

"ಬಿಡ್ರಿ," ಎಂದರು ದೊಡ್ಡಮ್ಮ ಮೆಲ್ಲಗೆ, "ಹುಡುಗಿ ಕಾಯ್ತಾ ಐತೆ."